ಹೆತ್ತವಳ ಗಂಜಿ

ರಕ್ತಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಕಾದು ಕೂತಿದ್ದ ನಿವೃತ್ತ ಟೀಚರಮ್ಮನ ಕಿವಿ ನೆಟ್ಟಗಾಯಿತು. ಪಕ್ಕದ ಬೆಂಚಿನ ಅಕ್ಕತಂಗಿಯರು ಟೀಚರಮ್ಮ ಹೇಳಿಕೊಟ್ಟ ಗಂಜಿಯ ಬಗ್ಗೆಯೇ ಮಾತಾಡುತ್ತಿದ್ದರು. ಅಜ್ಜಿಯ ಕಾಲದ ಮರೆತ ಅಡುಗೆಗಳನ್ನು ಮೊಬೈಲ್ ವಿಡಿಯೋಗಳಲ್ಲಿ ಹೇಳಿಕೊಡುವಾಗ ಟೀಚರಮ್ಮ ತೋರಿಸುತ್ತಿದ್ದದ್ದು ಕೈ ಮಾತ್ರ. ಹಾಗಾಗಿ ಇಲ್ಲಿ ಯಾರೂ ಗುರುತು ಹಿಡಿಯಲಿಲ್ಲ.

“ಟೀಚರಮ್ಮ ಹೇಳ್ದಂಗೇ ಹುರುಳಿ, ತವುಡು, ಬೆಲ್ಲ ಹಾಕಿ ಬೇಯಿಸ್ದೆ ಕಣೇ. ನಿಮ್ಮ ಭಾವ ಒಂದು ತಿಂಗಳಿಂದ ಅದನ್ನೇ ಕುಡೀತಿದ್ದಾರೆ.”

“ಒಳ್ಳೇದೇ ಅಲ್ವೇನಕ್ಕ?”

“ನಾನೂ ಹಾಗೇ ಅಂದ್ಕೊಂಡಿದ್ದೆ. ನಿನ್ನೆ ನಮ್ಮತ್ತೆ ಬಂದವರು ಮುಚ್ಚಳ ತೆಗೆದು ನೋಡಿ, ‘ಯಾರ ಮನೆ ಹಸು ಕರು ಹಾಕ್ತು?’ ಅಂದ್ರು.”

“ಅಯ್ಯೋ! ಭಾವಂಗೆ ಹೇಳಿದ್ಯಾ?”

“ಹೆಂಗೆ ಹೇಳ್ಲಿ? ಮಂಡಿನೋವು ಮಾಯವಾಯ್ತು ಅಂತ ಆಫೀಸಿಗೆಲ್ಲ ಡಂಗುರ ಸಾರಿದ್ದಾರೆ. ಬಾಯಿಗೆ ಬೀಗ ಹಾಕ್ಕೊಂಡಿದ್ದೀನಿ.”

ಟೀಚರಮ್ಮನ ಅಜ್ಜಿಯ ನೋಟ್‌ಬುಕ್ಕಿನಲ್ಲಿ ಈ ಗಂಜಿಯ ಮೇಲೆ ‘ಹೆತ್ತವಳಿಗೆ’ ಎಂದಷ್ಟೇ ಬರೆದಿತ್ತು. ಅಳತೆ ಬಕೆಟ್ಟಿನಲ್ಲಿತ್ತು. ಆಗೆಲ್ಲ ತುಂಬಿದ ಮನೆ ಎಂದುಕೊಂಡು ಟೀಚರಮ್ಮ ಅದನ್ನು ಲೋಟಕ್ಕೆ ಇಳಿಸಿದ್ದರು. ಕೊಟ್ಟಿಗೆಯೂ ತುಂಬಿತ್ತೆಂಬುದು ಈಗ ನೆನಪಾಯಿತು.

ನರ್ಸ್ ಕರೆದಳು. ಅಕ್ಕತಂಗಿಯರು ಎದ್ದರು.

“ಆ ಟೀಚರಮ್ಮ ಎಲ್ಲಾದ್ರೂ ಸಿಕ್ಕಿದ್ರೆ ಬೈತೀಯೇನಕ್ಕ?”

“ಬೈಯೋದ್ಯಾಕೆ? ‘ಹೊತ್ತಿಗೆ ಎಷ್ಟು ಲೀಟರ್ ಹಾಲು ಕೊಡ್ತೀರಮ್ಮ?’ ಅಂತ ಕೇಳ್ತೀನಿ.”

ಇಬ್ಬರೂ ನಗುತ್ತ ಒಳಗೆ ಹೋದರು. ಪರೀಕ್ಷೆ ಮುಗಿದೊಡನೆ ಕುಡಿಯಲೆಂದು ತಂದಿದ್ದ ಗಂಜಿಯ ಫ್ಲಾಸ್ಕನ್ನು ಟೀಚರಮ್ಮ ಮೆಲ್ಲಗೆ ಸೆರಗಿನಡಿಗೆ ಸರಿಸಿಕೊಂಡರು.