ದೀಪ ದೊಡ್ಡದು ಮಾಡ್ರಿ ಅಂದಿದ್ದಕ್ಕ

…ಇಲ್ಲ ಇಲ್ಲ ತಂಗಿ, ನನ್ನ ಗೆಳೆಯ ಶರಣಪ್ಪ ಕದ್ದಿರಲಿಲ್ಲ, ಯಾರನ್ನೂ ಬಡದಿರಲಿಲ್ಲ. ಮಾತಾಡಿದ್ದಕ್ಕ ಹಿಡಕೊಂಡು ಹೋದ್ರು, ಬರೇ ಮಾತಾಡಿದ್ದಕ್ಕ. ಆಗ ಯುದ್ಧ ನಡದಿತ್ತು, ಹೊತ್ತು ಮುಣುಗಿದ್ರ ಹೈದರಾಬಾದಿನ್ಯಾಗೂ ಬೆಳಕು ಕಾಣಬಾರದಂತ ಹುಕುಂ. ನಾನು ಐದನೇತ್ತಾಕ್ಕ ಸಾಲಿ ಬಿಟ್ಟು, ಊರೂರು ತಿರಗಿ, ಕಡೀಕ ಒಬ್ಬ ಹಳೇ ಮಂತ್ರಿಗೆ ಕಾರು ಓಡಸ್ತಿದ್ದೆ. ಶರಣಪ್ಪ ಕಾರ್ಖಾನ್ಯಾಗ ಲೇಥ್ ಮಷಿನ್ ಮ್ಯಾಲ ಕೆಲಸಕ್ಕಿದ್ದ. ಬಾಲಾನಗರದಾಗ ಇಬ್ರದೂ ಒಂದ ರೂಮು; ಕನ್ನಡ ಮಾತಾಡಾಕ ನನಗ ಅಂವ, ಅವಂಗ ನಾ, ಅಷ್ಟ. ಒಂದಿನ ಸಂಜೀಮುಂದ ಎದುರುಮನ್ಯಾಗ ಕಂದೀಲು ಕಾಣಸ್ತು. ಇಂವ ಕಿಟಕ್ಯಾಗ ನಿಂತು ಒದರಿದ, "ಅಕ್ಕಾರ, ದೀಪ ದೊಡ್ಡದು ಮಾಡ್ರಿ!" ನಿಮಗ ಗೊತ್ತಿಲ್ಲೇನ, ನಮ್ಮ ಕಡೆ ದೀಪ ಆರಸು ಅನ್ನಂಗಿಲ್ಲ, ಅಪಶಕುನ, ದೊಡ್ಡದು ಮಾಡು ಅಂತೀವಿ. ತೆಲುಗಿನ್ಯಾಗೂ ದೊಡ್ಡ ಅಂದ್ರ ದೊಡ್ಡನ. ಓಣಿ ಕಾಯೋರು ಕೇಳಿಸಿಕೊಂಡ್ರು: ವೈರಿ ವಿಮಾನಕ್ಕ ಬೆಳಕು ತೋರಸಾಕತ್ತಾನ, ಗೂಢಚಾರ! ಎಳಕೊಂಡು ಹೋಗಿ ಠಾಣೇದಾಗ ಹಾಕಿದ್ರು.

ಮುಂಜಾನೆ ನಮ್ಮ ಮಂತ್ರಿ ಸಾಹೇಬ್ರ ಕಡೆ ಓಡಿದೆ. ಅವ್ರೂ ಬೀದರ ಕಡ್ಯಾವ್ರು. ಭಾಷಣದಾಗ "ಗೂಢಚಾರ್ರಿಗೆ ದಯಾ ಬ್ಯಾಡ" ಅನ್ನೋರು, ಕಾರಿನ್ಯಾಗ ನಾ ಒಬ್ಬನ ಇದ್ದಾಗ ಬ್ಯಾರೇನ ಮಾತು: "ಅಮೆರಿಕಾ ಹುಟ್ಟೂಮುಂದ ಒಬ್ಬ ಶತ್ರು ಅಧಿಕಾರಿನ್ನ ಗೂಢಚಾರ ಅಂತ ಹಿಡದ್ರಪಾ. ಸಿಪಾಯಿ ಹಂಗ ಗುಂಡು ಹಾಕ್ರಿ, ನೇಣು ಬ್ಯಾಡ ಅಂತ ಬೇಡಿಕೊಂಡ. ಸೇನಾಪತಿಗೆ ಒಳಗೊಳಗ ಮರುಕ ಇತ್ತು, ಆದ್ರೂ ನೇಣಿಗೇ ಹಾಕಿಸಿದ. ದೇಶ ಕಟ್ಟಿದವ ಅಂವ ಖರೇ, ಆದ್ರ ಅದು ನನಗ ಸೇರಂಗಿಲ್ಲ." ಹಂಗ ಅನ್ನೋ ಮನಷ್ಯಾ! ಶರಣಪ್ಪನ ಸುದ್ದಿ ಕೇಳಿ ನಕ್ಕಬಿಟ್ರು. "ನಮ್ಮವ್ವನೂ ಹಂಗ ಅಂತಿದ್ಲಲ್ಲೋ!"

"ಅದನ್ನ ಠಾಣೇಕ ಫೋನ್ ಮಾಡಿ ಹೇಳ್ರಿ ಸಾಹೇಬ್ರ, ಒಂದ ಮಾತು."

ನಗು ನಿಂತಿತು. "ಯುದ್ಧ ಮುಗೀಲಿ ತಡಿ. ಈಗ ಬಾಯಿ ಬಿಟ್ರ ನನ್ನೂ ಅವನ ಜೋಡಿ ಕೂಡಸ್ತಾರ."

"ಮತ್ತ ಆ ನೇಣಿಗೆ ಹೋದವನ ಸಲುವಾಗಿ ಅಷ್ಟು ಮರಗ್ತೀರಿ?"

"ಅಂವ ಸತ್ತು ಭಾಳ ದಿನ ಆತೋ ಹುಚ್ಚಾ. ಗಾಡಿ ತೆಗಿ."

ತೆಗೀಲಿಲ್ಲ. ಚಾವಿ ಸೀಟಿನ ಮ್ಯಾಲ ಇಟ್ಟು ಠಾಣೇಕ ನಡದೆ. ನನ್ನ ಮುರುಕು ತೆಲುಗು ಯಾರು ಕೇಳಬೇಕು? ಯುದ್ಧ ಮುಗದ ಮ್ಯಾಲನ ಬಿಟ್ರು. ಅಂವ ಬಂದ, ಉಂಡ. "ಹೆಂಗದೀಯೋ?" ಅಂದೆ. "ಬಾಗುನ್ನಾ" ಅಂದ. ಅರಾಮದೀನಿ ಅಂತ, ತೆಲುಗಿನ್ಯಾಗ! ನನ್ನ ಜೋಡಿ! ಬಾಗಲಾ ಹಾಕ್ಕೊಂಡು ಕುಂತ್ರೂ ತೆಲುಗು, ಅದೂ ತಪ್ಪತಪ್ಪು. ಮಗ್ಗಲದಾಗ ಮಲಗಿದವ ಎಲ್ಲೋ ಪರದೇಶದಾಗ ಇದ್ದಂಗ. ಆ ರೂಮಿನ್ಯಾಗ ನನಗ ಇರಾಕ ಆಗಲಿಲ್ಲ, ಮತ್ತ ತಿರಗಾಕ ಹೊಂಟೆ. ಅದಕ್ಕ ಹೇಳ್ತೀನಿ ತಂಗಿ, ಯಾರ ಮ್ಯಾಲರ ಮರುಕ ಬಂದ್ರ ಅವ್ರು ಬದುಕಿದ್ದಾಗ, ನಾಕ ಮಂದಿಗೆ ಕೇಳಸೂ ಹಂಗ ಹೇಳ್ರಿ. ಏಳ್ರಿನ್ನ, ಅನ್ನ ತಣ್ಣಗ ಆಗಾಕತ್ತೈತಿ.