ಮಂಜಾದ ಹೆಡ್‌ಲೈಟ್

ಹಾರ್ಡ್‌ವೇರ್ ಅಂಗಡಿಯ ಸರದಿಯಲ್ಲಿ ನನ್ನ ಮುಂದೆ ನಡುವಯಸ್ಸಿನ ಒಬ್ಬನೂ ಅವನ ಅಕ್ಕನೂ ನಿಂತಿದ್ದರು. ಕಾರಿನ ಹೆಡ್‌ಲೈಟ್ ಉಜ್ಜಬೇಕೆಂದು ಅವನು ಮೂರು ಬೇರೆ ಬೇರೆ ನಂಬರಿನ ಸ್ಯಾಂಡ್‌ಪೇಪರ್, ಒಂದು ಡಬ್ಬಿ ಪಾಲಿಶ್ ಕೇಳಿದ.

“ಮಾರೋ ಗಾಡಿಗೆ ಇದೆಲ್ಲ ಯಾಕೋ?” ಎಂದಳು ಅಕ್ಕ.

“ತಗೊಳ್ಳೋರಿಗೂ ರಸ್ತೆ ಕಾಣ್ಬೇಕಲ್ಲ ಅಕ್ಕ.”

“ನಿನ್ನ ತಪ್ಪಿಲ್ಲ ಅಂತ ಪೊಲೀಸರೇ ಬರ್ಕೊಟ್ಟಿದ್ದಾರೆ. ಮುಸ್ಸಂಜೇಲಿ ಆ ಯಜಮಾನ್ರೇ ನಿನ್ನ ಗಾಡಿಗೆ ಅಡ್ಡ ಬಂದು ಕಾಲು ಮುರ್ಕೊಂಡ್ರು.”

“ಪೊಲೀಸರು ಲೈಟ್ ಹಾಕಿ ನೋಡ್ಲಿಲ್ಲ. ಅದು ಹಳದಿಗಟ್ಟಿ ಎರಡು ವರ್ಷ ಆಗಿತ್ತು. ಈ ಭಾನುವಾರ ಉಜ್ತೀನಿ, ಮುಂದಿನ ಭಾನುವಾರ ಉಜ್ತೀನಿ ಅಂತ ನಾನೇ ತಳ್ತಾ ಬಂದೆ.”

ಅಕ್ಕ ಅವನತ್ತ ತಿರುಗಿದಳು.

“ಆ ಯಜಮಾನ್ರ ಮನೆಗೆ ಹೋಗಿದ್ಯಂತೆ?”

“ನಿನ್ನೆ ಹೋಗಿದ್ದೆ. ಕೋಲು ಹಿಡ್ಕೊಂಡು ಬಾಗಿಲ ತನಕ ನಡೀತಾರೆ.”

“ಬೈದ್ರಾ?”

“ಇಲ್ಲ. ‘ನಾನು ನಿಮಗೆ ಕಾಣ್ಲೇ ಇಲ್ವಾ?’ ಅಂತ ಕೇಳಿದ್ರು, ಅಷ್ಟೇ.”

“ಏನಂದೆ?”

“ಲೈಟಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳ್ದೆ.”

“ಯಾರಾದ್ರೂ ತಾವಾಗೇ ಹೋಗಿ ತಲೆ ಕೊಡ್ತಾರೇನೋ? ಕೇಸು ಮತ್ತೆ ಎದ್ರೆ?”

“ಏಳ್ಲಿ ಬಿಡು. ಅವರ ಮುಖ ನೋಡ್ಕೊಂಡು ಸುಳ್ಳು ಹೇಳೋಕೆ ನನ್ನಿಂದಾಗ್ಲಿಲ್ಲ.”

ಅಂಗಡಿಯವನು ಸಾಮಾನು ತಂದಿಟ್ಟ. “ಬರೀ ಉಜ್ಜಿದ್ರೆ ಆರೇ ತಿಂಗಳಿಗೆ ಮತ್ತೆ ಮಂಜಾಗುತ್ತೆ ಸಾರ್. ಮೇಲೆ ಈ ಕೋಟಿಂಗ್ ಹೊಡೀಬೇಕು. ಉಜ್ಜೋವಾಗ ನೀರು ಬಿಡ್ತಾನೇ ಇರ್ಬೇಕು. ಒಬ್ಬರ ಕೈಲಿ ಆಗಲ್ಲ.”

“ಕೋಟಿಂಗೂ ಕೊಡಿ,” ಎಂದ ತಮ್ಮ.

ಅವನಿಗಿಂತ ಮೊದಲು ಅಕ್ಕನೇ ಚೀಲ ಎತ್ತಿಕೊಂಡಳು.

“ನಡಿ. ನೀರು ನಾನು ಬಿಡ್ತೀನಿ.”

ಇಬ್ಬರೂ ಮೆಟ್ಟಿಲಿಳಿದು ಹೋದರು.