ಹೊಳಪಿಗೆ ಕೊಟ್ಟ ಬಟ್ಟೆ

ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಅಜ್ಜಿಗೆ, ಪಕ್ಕದಲ್ಲಿದ್ದ ಅಕ್ಕ ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಮರದ ಬಟ್ಟಲು ಕಡೆಯೋ ಹುಚ್ಚು ಭಾವನಿಗೆ ಯಾಕೆ ಬೇಕಿತ್ತಕ್ಕ?”

“ಹುಚ್ಚು ಅನ್ಬೇಡ. ರಿಟೈರ್ ಆದ್ಮೇಲೆ ಆ ಮರ ತಿರುಗಿಸಿ ಕಡೆಯೋ ಲೇತ್ ಮಿಷನ್ ಮುಂದೆ ನಿಂತಾಗ ಮಾತ್ರ ನಗ್ತಿದ್ರು.”

“ಮತ್ತೆ ಹೇಗಾಯ್ತು?”

“ತಿರುಗೋ ಬಟ್ಟಲಿಗೆ ಯಾವಾಗ್ಲೂ ಕಾಗದದಲ್ಲೇ ಹೊಳಪು ಕೊಡೋರು. ಸಿಕ್ಕಿಕೊಂಡ್ರೂ ಹರಿದುಹೋಗತ್ತೆ ಅಂತ. ಕಾಗದ ಮುಗಿದಿತ್ತು, ನಾನೇ ಹಳೇ ಬಟ್ಟೆ ತುಂಡು ಕೊಟ್ಟೆ. ಅದು ಹರೀಲಿಲ್ಲ ಕಣೋ, ಬೆರಳನ್ನೇ ಸುತ್ಕೊಂಡು ಎಳೀತು.”

“ಡಾಕ್ಟರಿಗೆ ಹೇಳಿದ್ಯಾ?”

“ಹೇಳೋಕೆ ಹೋದೆ. ಇವರೇ ಅಡ್ಡ ಬಾಯಿ ಹಾಕಿ, ಬಟ್ಟೆ ನಾನೇ ತಗೊಂಡೆ ಅಂದ್ಬಿಟ್ರು.”

ನರ್ಸ್ ಬಾಗಿಲು ತೆರೆದು, ಮೂರು ಬೆರಳು ತೆಗೆಯಬೇಕಾಯಿತು, ಈಗ ನೋಡಬಹುದು ಎಂದಳು.

“ಏನು ಮಾತಾಡ್ಲೋ ಅವರ ಹತ್ರ?”

“ಏನೂ ಬೇಡ. ಸುಮ್ನೆ ಕೈ ಹಿಡ್ಕೋ.”

“ಯಾವ ಕೈ ಹಿಡ್ಕೊಳ್ಲಿ, ಹೇಳು,” ಎನ್ನುತ್ತಲೇ ಅಕ್ಕ ಒಳಗೆ ನಡೆದಳು.